ಕರೆಗೆ ಒಂದು, ಸಂಗೀತಕ್ಕೆ ಇನ್ನೊಂದು: ನಾಲ್ಕು ಬಗೆಯ ವೈರ್‌ಲೆಸ್ ಹೆಡ್‌ಸೆಟ್‌ಗಳ ದೀರ್ಘಕಾಲದ ಬಳಕೆ

ದಿನದ ಬಹುಪಾಲು ಹೊತ್ತು ಫೋನ್ ಕರೆಗಳಲ್ಲೇ ಕಳೆದು, ಉಳಿದ ವೇಳೆಯಲ್ಲಿ ಸಂಗೀತ ಕೇಳುವ ನಾನು ಕೆಲವು ವರ್ಷಗಳಿಂದ ನಾಲ್ಕು ಬಗೆಯ ಬ್ಲೂಟೂತ್ ಸ್ಟೀರಿಯೊ ಹೆಡ್‌ಸೆಟ್‌ಗಳನ್ನು ಬಳಸುತ್ತ ಬಂದಿದ್ದೇನೆ: ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಕುತ್ತಿಗೆಗೆ ಹಾಕಿಕೊಳ್ಳುವ ನೆಕ್‌ಬ್ಯಾಂಡ್, ಪುಟ್ಟ ಇಯರ್‌ಬಡ್‌ಗಳು, ಹಾಗೂ ಬಾಯಿಯ ಬಳಿಗೆ ಚಾಚಿದ ಮೈಕ್ ಕಡ್ಡಿಯುಳ್ಳ ಕಚೇರಿ ಮಾದರಿಯ ಹೆಡ್‌ಸೆಟ್. ಇವುಗಳಲ್ಲಿ ಸಂಗೀತಕ್ಕೆ ಅತ್ಯುತ್ತಮವಾದದ್ದು ಕರೆಗೆ ಅತ್ಯುತ್ತಮವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಅರ್ಧ ಕಾರಣ ಬ್ಲೂಟೂತ್ ಕೆಲಸ ಮಾಡುವ ರೀತಿಯಲ್ಲೇ ಇದೆ. ಸಂಗೀತ ಕೇಳುವಾಗ ಫೋನ್ ಬಳಸುವುದು ಎ2ಡಿಪಿ ಎಂಬ ಪ್ರೊಫೈಲನ್ನು, ಅಂದರೆ ಎರಡು ಸಾಧನಗಳು ಒಂದು ನಿರ್ದಿಷ್ಟ ಕೆಲಸಕ್ಕಾಗಿ ಪಾಲಿಸುವ ನಿಯಮಗಳ ಗುಚ್ಛವನ್ನು. ಆಗ ಧ್ವನಿ ಒಂದೇ ದಿಕ್ಕಿನಲ್ಲಿ ಹರಿಯುವುದರಿಂದ ಎಡ, ಬಲ ಎರಡೂ ಕಿವಿಗಳಿಗೆ ಬೇರೆ ಬೇರೆ ಧ್ವನಿ ಕಳುಹಿಸಲು ಅವಕಾಶವಿರುತ್ತದೆ. ಈ ಪ್ರೊಫೈಲಿನಲ್ಲಿ ಕಡ್ಡಾಯವಾಗಿರುವ ಎಸ್‌ಬಿಸಿ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳುಹಿಸುವ ವಿಧಾನ) ಕೂಡ ಉತ್ತಮ ಗುಣಮಟ್ಟದಲ್ಲಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್ ಸಾಗಿಸುತ್ತದೆ. ಕರೆ ಬಂದೊಡನೆ, ಮೈಕಿನ ಧ್ವನಿಯೂ ಹಿಂದಕ್ಕೆ ಹೋಗಬೇಕಾದ್ದರಿಂದ, ಹೆಡ್‌ಸೆಟ್ ಎಚ್‌ಎಫ್‌ಪಿ ಎಂಬ ಇನ್ನೊಂದು ಪ್ರೊಫೈಲಿಗೆ ಹೊರಳುತ್ತದೆ ಮತ್ತು ಸ್ಟೀರಿಯೊ ಮಾಯವಾಗುತ್ತದೆ. ಕರೆಯ ಹಳೆಯ ಪದ್ಧತಿಯಲ್ಲಿ ಧ್ವನಿಯ ಸ್ಯಾಂಪ್ಲಿಂಗ್ ದರ, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ದಾಖಲಿಸಲಾಗುತ್ತದೆ ಎಂಬುದು, 8 ಕಿಲೋಹರ್ಟ್ಸ್ ಮಾತ್ರ. ಎಮ್‌ಎಸ್‌ಬಿಸಿ ಕೋಡೆಕ್ ಇರುವ ಸಾಧನಗಳಲ್ಲಿ ಅದು 16 ಕಿಲೋಹರ್ಟ್ಸ್. ಸಂಖ್ಯೆಯಲ್ಲಿ ಸಣ್ಣದೆನಿಸುವ ಈ ವ್ಯತ್ಯಾಸ ಕಿವಿಗೆ ಬಹಳ ದೊಡ್ಡದು, ಏಕೆಂದರೆ 'ಸ', 'ಶ', 'ಫ'ಗಳಂತಹ ವ್ಯಂಜನಗಳನ್ನು ಬೇರ್ಪಡಿಸಿ ತೋರಿಸುವ ಎತ್ತರದ ಕಂಪನಾಂಕಗಳು ಮೊದಲನೆಯದರಲ್ಲಿ ಕತ್ತರಿಸಿಹೋಗುತ್ತವೆ. ಲ್ಯಾಪ್‌ಟಾಪಿನಲ್ಲಿ ಹಾಡು ಕೇಳುತ್ತಿರುವಾಗ ಯಾವುದೋ ಆ್ಯಪ್ ಮೈಕನ್ನು ತೆರೆದರೆ ಹಾಡು ಒಮ್ಮೆಲೇ ಮಂಕಾಗುವುದೂ ಈ ಹೊರಳುವಿಕೆಯಿಂದಲೇ. ಹೆಡ್‌ಸೆಟ್ ಕೆಟ್ಟಿದೆಯೆಂದು ಅದನ್ನು ಹಿಂದಿರುಗಿಸುವ ಮುನ್ನ ಮೈಕನ್ನು ಬೇರೆ ಸಾಧನಕ್ಕೆ ಬದಲಿಸಿ ನೋಡಬೇಕು. ಎಲ್‌ಸಿ3 ಕೋಡೆಕ್ ಬಳಸುವ, ಬ್ಲೂಟೂತಿನ ಹೊಸ ಧ್ವನಿ ವ್ಯವಸ್ಥೆಯಾದ ಎಲ್‌ಇ ಆಡಿಯೊ ಈ ಕೊರತೆಯನ್ನು ನೀಗಿಸಬಲ್ಲದು, ಆದರೆ ಫೋನ್ ಮತ್ತು ಹೆಡ್‌ಸೆಟ್ ಎರಡರಲ್ಲೂ ಅದಿರಬೇಕು.

ಉಳಿದರ್ಧ ಕಾರಣ ಮೈಕಿನ ಜಾಗ. ಕಡ್ಡಿಯ ತುದಿಯ ಮೈಕ್ ಬಾಯಿಯಿಂದ ಎರಡು ಮೂರು ಬೆರಳಿನಷ್ಟು ದೂರದಲ್ಲಿದ್ದು, ಮಾತು ಅಲ್ಲಿಗೆ ಸುತ್ತಲಿನ ಗದ್ದಲಕ್ಕಿಂತ ಬಹಳ ಗಟ್ಟಿಯಾಗಿ ತಲುಪುತ್ತದೆ. ಇಯರ್‌ಬಡ್‌ಗಳ ಮೈಕ್ ಇರುವುದು ಕಿವಿಯ ಬಳಿ. ಎರಡು ಮೂರು ಮೈಕ್‌ಗಳ ಧ್ವನಿಯನ್ನು ಹೋಲಿಸಿ ಬಾಯಿಯ ದಿಕ್ಕಿನಿಂದ ಬಂದದ್ದನ್ನು ಮಾತ್ರ ಉಳಿಸಿಕೊಳ್ಳಲು ಅವು ಪ್ರಯತ್ನಿಸುತ್ತವೆ. ಶಾಂತವಾದ ಕೋಣೆಯಲ್ಲಿ ಈ ಪ್ರಯತ್ನ ಚೆನ್ನಾಗಿ ಫಲಿಸುತ್ತದೆ. ಗಾಳಿ ಬೀಸುವ ಬಯಲಿನಲ್ಲಿ ಅಥವಾ ನಾಲ್ಕು ಜನ ಮಾತನಾಡುವ ಕಡೆ ಗದ್ದಲದೊಂದಿಗೆ ನನ್ನ ಮಾತಿನ ಕೊನೆಯ ಅಕ್ಷರಗಳೂ ಅಳಿಸಿಹೋಗುತ್ತವೆಂದು ಆ ಕಡೆಯವರು ಮತ್ತೆ ಮತ್ತೆ ಹೇಳಿದ್ದಾರೆ. ಕರೆಯ ಗುಣಮಟ್ಟದ ವಿಷಯದಲ್ಲಿ ಅವರ ಮಾತೇ ಪ್ರಮಾಣ. ಹೆಡ್‌ಸೆಟ್ ತೊಟ್ಟವರಿಗೆ ತಮ್ಮ ಮೈಕ್ ಹೇಗಿದೆಯೆಂಬುದು ಕೇಳಿಸುವುದೇ ಇಲ್ಲ. ನೆಕ್‌ಬ್ಯಾಂಡಿನ ಮೈಕ್ ಇವೆರಡರ ನಡುವಿನದು, ಆದರೆ ತಲೆ ತಿರುಗಿಸಿದಾಗ ಅದು ಅಂಗಿಯ ಕಾಲರಿಗೆ ಉಜ್ಜಿ ಕರಕರ ಸದ್ದು ಮಾಡುತ್ತದೆ. ಹೆಡ್‌ಫೋನಿನ ತೊಂದರೆಯೇ ಬೇರೆ: ಎರಡೂ ಕಿವಿ ಮುಚ್ಚಿರುವುದರಿಂದ ನಮ್ಮ ಮಾತು ನಮಗೇ ತಲೆಯೊಳಗೆ ಗುಂಯ್‌ಗುಡುತ್ತದೆ, ಅರಿವಿಲ್ಲದೆ ದನಿಯೂ ಏರುತ್ತದೆ. ನಮ್ಮ ಧ್ವನಿಯನ್ನು ಸ್ವಲ್ಪವಾಗಿ ಕಿವಿಗೆ ಮರಳಿಸುವ ಸೈಡ್‌ಟೋನ್ ಸೌಲಭ್ಯವಿರುವ ಮಾದರಿಯಲ್ಲಿ ಈ ಕಾಟ ಬಹಳ ಕಡಿಮೆ. ದೀರ್ಘ ಕರೆಗಳನ್ನು ಮಾಡುವವರು ಇದನ್ನು ವಿಚಾರಿಸಿಯೇ ಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ಸಂಗೀತದಲ್ಲಿ ಹೆಡ್‌ಫೋನಿಗೆ ಉಳಿದ ಮೂರೂ ಸಾಟಿಯಲ್ಲ. ಅದರ ಶಬ್ದ ನಿವಾರಣೆ ಎಂಜಿನ್ ಅಥವಾ ಫ್ಯಾನಿನಂತಹ ಒಂದೇ ಸಮನೆಯ ತಗ್ಗು ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ, ಮನುಷ್ಯರ ಮಾತನ್ನು ಅಷ್ಟಾಗಿ ಅಲ್ಲ. ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಹೋಗುವ ಎಲ್‌ಡಿಎಸಿಯಂತಹ ಕೋಡೆಕ್‌ಗಳಿಗಾಗಿ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯ ನನಗೆ ಕಂಡಿಲ್ಲ; ಇಯರ್‌ಬಡ್‌ಗಳಲ್ಲಂತೂ ಕಿವಿಗೆ ಸರಿಹೊಂದುವ ಅಳತೆಯ ಸಿಲಿಕೋನ್ ತುದಿ ಹಾಕಿಕೊಂಡರೆ ತಗ್ಗು ಸ್ವರಗಳು ತುಂಬಿಕೊಳ್ಳುವುದು ಯಾವ ಕೋಡೆಕ್ ಬದಲಾವಣೆಗಿಂತಲೂ ಸ್ಪಷ್ಟವಾಗಿ ತಿಳಿಯುತ್ತದೆ.

ಬಾಳಿಕೆಯಲ್ಲಿ ಹಿಂದೆ ಬಿದ್ದದ್ದು ಇಯರ್‌ಬಡ್‌ಗಳೇ. ಕೆಲವು ಹತ್ತುಗಳಷ್ಟೇ ಮಿಲಿಆಂಪಿಯರ್ ಅವರ್ ಸಾಮರ್ಥ್ಯದ ಪುಟ್ಟ ಬ್ಯಾಟರಿ ದಿನವೂ ಹಲವು ಬಾರಿ ಖಾಲಿಯಾಗಿ ತುಂಬುವುದರಿಂದ ಬೇಗ ಸೊರಗುತ್ತದೆ. ಕರೆಗೆ ಹೆಚ್ಚಾಗಿ ಬಳಸಿದ ಬದಿಯ ಬಡ್ ಮೊದಲು ಸೋತಿತು, ಅದನ್ನು ಬಿಚ್ಚಿ ಬ್ಯಾಟರಿ ಬದಲಿಸುವ ದಾರಿಯೂ ಇರಲಿಲ್ಲ. ಹೆಡ್‌ಫೋನಿನಲ್ಲಿ ಬ್ಯಾಟರಿಗಿಂತ ಮೊದಲು ಸಿಪ್ಪೆಯೆದ್ದದ್ದು ಕಿವಿಯ ಮೆತ್ತೆ. ಅದು ಬಿಡಿಯಾಗಿ ಸಿಗುವ ಮಾದರಿಯಾದ್ದರಿಂದ ಹೊಸದನ್ನು ಹಾಕಿಸಿಕೊಂಡು ಈಗಲೂ ಸಂಗೀತಕ್ಕೆ ಅದನ್ನೇ ಬಳಸುತ್ತಿದ್ದೇನೆ. ಕರೆಗಳಿಗೆ ಮೈಕ್ ಕಡ್ಡಿಯ ಹೆಡ್‌ಸೆಟ್ ಮೇಜಿನ ಮೇಲಿದೆ. ಅದು ಒಮ್ಮೆಗೇ ಫೋನಿಗೂ ಲ್ಯಾಪ್‌ಟಾಪಿಗೂ ಜೋಡಿಯಾಗಿರುವುದರಿಂದ ಯಾವುದರಲ್ಲಿ ಕರೆ ಬಂದರೂ ಒಂದೇ ಗುಂಡಿ ಒತ್ತಿ ಮಾತನಾಡಬಹುದು.