ಮಿರರ್‌ನ ದೀಪವೋ, ಮಿರರ್ ಕೆಳಗಿನ ಕ್ಯಾಮೆರಾವೋ?

ನನ್ನ ಭಾವನ ಕಾರಿನ ಸೈಡ್ ಮಿರರ್‌ನಲ್ಲಿ ಒಂದು ಪುಟ್ಟ ಹಳದಿ ದೀಪವಿದೆ. ಹಿಂದಿನ ಬಂಪರ್‌ನ ಮೂಲೆಗಳಲ್ಲಿರುವ ರಾಡಾರ್‌ಗೆ ಪಕ್ಕದಲ್ಲಿ, ಮಿರರ್‌ಗೆ ಕಾಣದ ಜಾಗದಲ್ಲಿ, ಗಾಡಿ ಸಿಕ್ಕಿದರೆ ಅದು ಹೊತ್ತಿಕೊಳ್ಳುತ್ತದೆ. ನನ್ನ ಕಾರಿನಲ್ಲಿ ದೀಪವಿಲ್ಲ, ಎರಡೂ ಮಿರರ್ ಕೆಳಗೆ ಕ್ಯಾಮೆರಾ ಇದೆ. ಇಂಡಿಕೇಟರ್ ಹಾಕಿದರೆ ಆ ಕಡೆಯ ಚಿತ್ರ ಸ್ಪೀಡೋಮೀಟರ್ ಇರುವ ಜಾಗದಲ್ಲೇ ಬರುತ್ತದೆ. ಎರಡು ವಾರ ನಾವು ಕಾರು ಅದಲು ಬದಲು ಮಾಡಿಕೊಂಡೆವು. ಅವರು ಮೈಸೂರಿನವರು, ನಾನು ಮಾರತ್ತಹಳ್ಳಿಯವನು.

ಔಟರ್ ರಿಂಗ್ ರೋಡಿನಲ್ಲಿ ಆ ದೀಪ ಆರಿದ್ದೇ ಕಡಿಮೆ. ಎಡಕ್ಕೂ ಬೈಕು, ಬಲಕ್ಕೂ ಬೈಕು. ಇಂಡಿಕೇಟರ್ ಹಾಕಿದರೆ ಟಿಣ್ ಟಿಣ್ ಸದ್ದು ಬೇರೆ. ಮೂರನೇ ದಿನಕ್ಕೆ ನನ್ನ ಕಣ್ಣು ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ದೀಪ ಹೇಳುವುದು ‘ಯಾರೋ ಇದ್ದಾರೆ’ ಅಂತ. ಬೆಂಗಳೂರಿನಲ್ಲಿ ಯಾರೋ ಇದ್ದೇ ಇರ್ತಾರೆ, ಅಲ್ವಾ? ಎಷ್ಟು ಹತ್ತಿರ ಇದ್ದಾನೆ, ನಿಲ್ಲುತ್ತಾನೋ ನುಗ್ಗುತ್ತಾನೋ, ಅದು ಗೊತ್ತಾಗಬೇಕು. ನನ್ನ ಕ್ಯಾಮೆರಾ ಅದನ್ನು ತೋರಿಸುತ್ತದೆ. ಒಮ್ಮೆ ಸರ್ವಿಸ್ ರೋಡಿಗೆ ಇಳಿಯುವಾಗ ಹಿಂದಿನ ಬಾಗಿಲಿಗೆ ಅಂಟಿಕೊಂಡಂತೆ ಒಂದು ಸ್ಕೂಟರ್, ಮುಂದೆ ನಿಂತ ಮಗು ಸಮೇತ ಕಂಡಿತ್ತು. ಮಿರರ್‌ನಲ್ಲಿ ಅದರ ಸುಳಿವೇ ಇರಲಿಲ್ಲ.

ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬಂದಾಗ ಲೆಕ್ಕ ತಿರುಗಿತು. 2023ರ ಆಗಸ್ಟ್ 1ರಿಂದ ಅಲ್ಲಿ ಮುಖ್ಯ ರಸ್ತೆಗೆ ಬೈಕು, ಆಟೊ ಬರುವಂತಿಲ್ಲ. ದೀಪ ಸುಮ್ನೆ ಹೊತ್ತುವುದಿಲ್ಲ, ಹೊತ್ತಿತೆಂದರೆ ಗಾಡಿ ಇದೆ ಅಂತಲೇ ಅರ್ಥ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಆ ವೇಗದಲ್ಲಿ ಸ್ಪೀಡೋಮೀಟರ್ ಕಡೆ ಚಿತ್ರ ನೋಡುತ್ತಾ ಕೂರೋಕಾಗಲ್ಲ. ಅದೂ ಅಗಲ ಲೆನ್ಸಿನ ಚಿತ್ರ, ಹಿಂದಿನ ಬಸ್ಸು ಇರುವುದಕ್ಕಿಂತ ದೂರ ಇದ್ದಂತೆ ಕಾಣುತ್ತದೆ. ದೀಪವಾದರೋ ನಾವು ಹೇಗೂ ನೋಡುವ ಮಿರರ್‌ನಲ್ಲೇ ಇದೆ. ಇಂಡಿಕೇಟರ್ ಹಾಕುವ ಮೊದಲೇ ಎಚ್ಚರಿಸುತ್ತದೆ.

ಮದ್ದೂರಿನ ಹತ್ತಿರ ರಾತ್ರಿ ಜೋರು ಮಳೆ ಸಿಕ್ಕಿತ್ತು ಅಂತ ಭಾವ ಹೇಳಿದರು. ಲೆನ್ಸಿನ ಮೇಲೆ ಹನಿ ಕೂತು, ಹಿಂದಿನವರ ಹೆಡ್‌ಲೈಟ್ ಚದುರಿ, ಚಿತ್ರದಲ್ಲಿ ಬರೀ ಬೆಳಕಿನ ಮುದ್ದೆಯಂತೆ. ನನಗೆ ಇದು ಹೊಸದಲ್ಲ, ಬಾಗಿಲಲ್ಲಿ ಸದಾ ಒಂದು ಬಟ್ಟೆ ಇಟ್ಟಿರುತ್ತೇನೆ. ರಾಡಾರ್‌ಗೆ ಮಳೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಬಂಪರ್‌ಗೆ ಕೆಸರು ದಪ್ಪಗೆ ಮೆತ್ತಿದರೆ ಮಾತ್ರ ಅದೂ ಕೈಕೊಡುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಹೋಂಡಾ ಸಿಟಿಯಲ್ಲಿ ಬರುವ ಕ್ಯಾಮೆರಾ ಎಡಗಡೆಗೆ ಮಾತ್ರ, ಚಿತ್ರ ಮಧ್ಯದ ಪರದೆಯಲ್ಲಿ. ಸ್ಟೇರಿಂಗ್ ಬಲಕ್ಕಿರುವ ನಮಗೆ ಎಡಗಡೆಯೇ ಕಷ್ಟ, ಹಾಗಾಗಿ ಅದೂ ಸಾಲುತ್ತದೆ. 2024ರ ಹ್ಯುಂಡೈ ಕ್ರೆಟಾದ ಮೇಲಿನ ವೇರಿಯಂಟ್‌ಗಳಲ್ಲಿ ದೀಪ, ಕ್ಯಾಮೆರಾ ಎರಡೂ ಇವೆ. ಒಂದನ್ನೇ ಆರಿಸು ಅಂದರೆ, ದಿನಾ ಊರೊಳಗೇ ಓಡಿಸುವ ನಾನು ಕ್ಯಾಮೆರಾವನ್ನೇ ತಗೊಳ್ತೀನಿ.

ಭಾವ ಒಪ್ಪಲಿಲ್ಲ. ಕೀ ವಾಪಸ್ ಕೊಡುತ್ತಾ ಅಂದರು: “ನಿಂದೂ ಚೆನ್ನಾಗೇ ಇದೆ ಕಣೋ. ಆದ್ರೆ ನಾನು ಇಂಡಿಕೇಟರ್ ಹಾಕೋದೇ ಕಡಿಮೆ.”