ಮರೆವಿಗೆ ಜೆಲ್ಲಿ ಮೀನಿನ ಪ್ರೋಟೀನು: ಪ್ರಿವೇಜೆನ್ ಡಬ್ಬಿಯೊಳಗೆ ಏನಿದೆ?

ಅಮೆರಿಕದ ಯಾವ ಔಷಧ ಅಂಗಡಿಗೆ ಹೋದರೂ ವಿಟಮಿನ್ ಡಬ್ಬಿಗಳ ಪಕ್ಕದಲ್ಲೇ ಪ್ರಿವೇಜೆನ್ ಕಾಣುತ್ತದೆ. ವಿಸ್ಕಾನ್ಸಿನ್ ರಾಜ್ಯದ ಕ್ವಿನ್ಸಿ ಬಯೋಸೈನ್ಸ್ 2007ರಿಂದ ನೆನಪಿನ ಶಕ್ತಿಗೆಂದು ಮಾರುತ್ತಿರುವ ಗುಳಿಗೆ. ದಿನಕ್ಕೊಂದು ನುಂಗಬೇಕು. ಸಾಮಾನ್ಯ ಡಬ್ಬಿಯದರಲ್ಲಿ 10 ಮಿಲಿಗ್ರಾಂ ಅಪೊಈಕ್ವೊರಿನ್, ‘ಎಕ್ಸ್‌ಟ್ರಾ ಸ್ಟ್ರೆಂತ್’ ಡಬ್ಬಿಯದರಲ್ಲಿ 20. ಅಪೊಈಕ್ವೊರಿನ್ ಅಂದರೆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ, ಜೆಲ್ಲಿ ಮೀನಿನ ಪ್ರೋಟೀನು.

ಇದರ ಹಿಂದಿನ ಯೋಚನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನರಕೋಶದ ಒಳಗಿನ ಕ್ಯಾಲ್ಸಿಯಂ ಹೊರಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ ಇರಬೇಕು. ಅದು ಏರಿ ಅಲ್ಲೇ ನಿಂತರೆ ಕೋಶ ತನ್ನನ್ನೇ ಅರಗಿಸಿಕೊಳ್ಳುತ್ತದೆ. ಏರಿದ್ದನ್ನು ತಡೆದಿಡುವ ಕ್ಯಾಲ್‌ಬಿಂಡಿನ್‌ನಂಥ ಪ್ರೋಟೀನುಗಳು ವಯಸ್ಸಾದಂತೆ, ಆಲ್ಜೈಮರ್ ಬಂದಾಗ ಮಿದುಳಿನ ಕೆಲವು ಭಾಗಗಳಲ್ಲಿ ಕಡಿಮೆಯಾಗುತ್ತವೆ. ಹಾಗಾದರೆ ಹೊರಗಿನಿಂದ ತುಂಬಿದರೆ?

ತುಂಬಲು ಹೊರಟ ಪ್ರೋಟೀನು ಮಾತ್ರ ನಿಜಕ್ಕೂ ಸೊಗಸಾದದ್ದು. ಅಮೆರಿಕದ ಕರಾವಳಿಯ ಫ್ರೈಡೇ ಹಾರ್ಬರ್‌ನಲ್ಲಿ ಜಪಾನಿನ ವಿಜ್ಞಾನಿ ಒಸಾಮು ಶಿಮೊಮುರಾ ಜೆಲ್ಲಿ ಮೀನಿನ ರಸವನ್ನು ಸಿಂಕಿಗೆ ಸುರಿದಾಗ ಅದು ಫಕ್ಕನೆ ನೀಲಿಯಾಗಿ ಹೊಳೆಯಿತು. ಸಿಂಕಿನಲ್ಲಿ ಸಮುದ್ರದ ನೀರಿತ್ತು, ನೀರಿನಲ್ಲಿ ಕ್ಯಾಲ್ಸಿಯಂ ಇತ್ತು. ಕ್ಯಾಲ್ಸಿಯಂ ಹಿಡಿದಾಗ ಹೊಳೆಯುವ ಆ ಪ್ರೋಟೀನು ಈಕ್ವೊರಿನ್. 1962ರಲ್ಲಿ ವರದಿಯಾದ ಅದರಿಂದ ಬೆಳಕಿಗೆ ಬೇಕಾದ ಸಣ್ಣ ಅಣುವನ್ನು ತೆಗೆದರೆ ಉಳಿಯುವುದೇ ಅಪೊಈಕ್ವೊರಿನ್. ಗುಳಿಗೆಗೆ ಬಳಸುವುದು ಮೀನಿನಿಂದ ಹಿಂಡಿದ್ದಲ್ಲ, ಪ್ರಯೋಗಾಲಯದಲ್ಲಿ ಮಾಡಿದ್ದು.

ಯೋಚನೆ ಕೆಡುವುದು ಹೊಟ್ಟೆಯಲ್ಲಿ. ಸುಮಾರು 22 ಕಿಲೋಡಾಲ್ಟನ್ ಅಣುತೂಕದ ಪ್ರೋಟೀನು ಜಠರಕ್ಕೆ ಬಿದ್ದರೆ ಜೀರ್ಣರಸದ ಪೆಪ್ಸಿನ್ ಅದನ್ನು ತೊಗರಿಬೇಳೆಯ ಪ್ರೋಟೀನಿನಂತೆಯೇ ತುಂಡರಿಸುತ್ತದೆ. ಇನ್ಸುಲಿನ್ ಅನ್ನು ನುಂಗಿಸದೆ ಚುಚ್ಚುವುದೂ ಇದಕ್ಕೇ, ಅದೋ ಇದರ ಕಾಲುಭಾಗದಷ್ಟೇ ದೊಡ್ಡದು. ಅಪ್ಪಿತಪ್ಪಿ ಒಂದಿಷ್ಟು ಇಡಿಯಾಗಿ ರಕ್ತಕ್ಕೆ ಸೇರಿತೆಂದೇ ಇಟ್ಟುಕೊಳ್ಳಿ, ಮುಂದೆ ರಕ್ತ-ಮಿದುಳಿನ ತಡೆಗೋಡೆ ಇದೆ, ಅದರಾಚೆ ನರಕೋಶದ ಪೊರೆ ಇದೆ. 10 ಮಿಲಿಗ್ರಾಂ ಇರಲಿ, 20 ಇರಲಿ, ದಾರಿಯೇ ಇಲ್ಲದ ಮೇಲೆ ಪ್ರಮಾಣ ಹೆಚ್ಚಿಸಿ ಏನು ಬಂತು?

ಕಂಪನಿ ತೋರಿಸುವ ಪುರಾವೆ ‘ಮ್ಯಾಡಿಸನ್ ಮೆಮೊರಿ ಸ್ಟಡಿ’. 218 ಜನ, 90 ದಿನ, ಕಂಪ್ಯೂಟರಿನಲ್ಲಿ 9 ಬಗೆಯ ಪರೀಕ್ಷೆ. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಒಂಬತ್ತರಲ್ಲಿ ಒಂದರಲ್ಲೂ ಹುಸಿಗುಳಿಗೆ ನುಂಗಿದವರಿಗಿಂತ ಲೆಕ್ಕಕ್ಕೆ ಹಿಡಿಯುವಷ್ಟು ಮೇಲುಗೈ ಕಾಣಲಿಲ್ಲ. ಆಮೇಲೆ ಜನರನ್ನು ಸಣ್ಣ ಗುಂಪುಗಳಾಗಿ ಒಡೆದು 30ಕ್ಕೂ ಹೆಚ್ಚು ಸಲ ಲೆಕ್ಕ ಹಾಕಲಾಯಿತು, ಅದರಲ್ಲಿ ಸಿಕ್ಕ ಒಂದೆರಡು ಒಳ್ಳೆಯ ಅಂಕಿಗಳು ಜಾಹೀರಾತಿಗೆ ಹೋದವು. ಇಪ್ಪತ್ತರಲ್ಲಿ ಒಂದು ಸಲ ಆಕಸ್ಮಿಕಕ್ಕೆ ಅವಕಾಶ ಕೊಡುವ ಶೇ. 5ರ ಅಳತೆಗೋಲಿಟ್ಟು 30 ಸಲ ಹುಡುಕಿದರೆ ಏನೂ ಇಲ್ಲದ ಕಡೆಯೂ ಒಂದೆರಡು ‘ಯಶಸ್ಸು’ ಸಿಗುವುದು ಸಹಜ. ಮೋಸದ ಜಾಹೀರಾತಿನ ಮೇಲೆ ಕಣ್ಣಿಡುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕ್ ರಾಜ್ಯ 2017ರಲ್ಲಿ ಮೊಕದ್ದಮೆ ಹೂಡಿದವು. 2024ರ ಡಿಸೆಂಬರಿನಲ್ಲಿ ಕೋರ್ಟು ನೆನಪಿನ ಶಕ್ತಿ ಹೆಚ್ಚಿಸುತ್ತದೆ ಎಂಬ ಪ್ರಚಾರಕ್ಕೆ ತಡೆ ಹಾಕಿತು. ಮಾರಾಟಕ್ಕಲ್ಲ, ಮಾತಿಗೆ. ಆದ್ದರಿಂದ ಡಬ್ಬಿ ಕಪಾಟಿನಲ್ಲಿದೆ ಎಂಬುದೇ ಸರ್ಟಿಫಿಕೇಟ್ ಅಲ್ಲ.

ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನುಗಳ ಮೇಲೆ ಔಷಧ ಹುಡುಕುವವರು ಬೇರೆ ದಾರಿ ಹಿಡಿದಿದ್ದಾರೆ. ಮಿದುಳಿನಲ್ಲಿರುವ ಅಂಥದೇ ಒಂದು ಪ್ರೋಟೀನು ಎಸ್100ಬಿ. ಅದು ಸ್ವಲ್ಪವಿದ್ದರೆ ನರಕೋಶಕ್ಕೆ ಆಸರೆ, ಅತಿಯಾದರೆ ಉರಿಯೂತಕ್ಕೆ ತುಪ್ಪ. ಅಲ್ಲಿ ಪ್ರೋಟೀನನ್ನು ನುಂಗಿಸುವುದಿಲ್ಲ, ಅದು ಬೇರೆ ಪ್ರೋಟೀನಿಗೆ ಅಂಟಿಕೊಳ್ಳುವ ಜಾಗವನ್ನೇ ಮುಚ್ಚುವ ಪೆಂಟಾಮಿಡಿನ್‌ನಂಥ ಪುಟ್ಟ ಅಣುಗಳನ್ನು ಪರೀಕ್ಷಿಸುತ್ತಾರೆ.

ಈಗಿನ ಪ್ರಿವೇಜೆನ್ ಗುಳಿಗೆಯಲ್ಲಿ 50 ಮೈಕ್ರೋಗ್ರಾಂ, ಅಂದರೆ 2000 ಐಯು ವಿಟಮಿನ್ ಡಿ ಕೂಡ ಇದೆ. ನಮ್ಮಲ್ಲಿ ವಾರಕ್ಕೊಮ್ಮೆ 60,000 ಐಯು ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿಯುತ್ತಿರುವ ಹಿರಿಯರಿಗೆ ಮಗನೋ ಮಗಳೋ ಈ ಡಬ್ಬಿ ಕಳಿಸಿದರೆ, ಇದನ್ನೂ ಸೇರಿಸಿ ಲೆಕ್ಕ ಹಾಕಿ ಡಾಕ್ಟರಿಗೆ ತಿಳಿಸಬೇಕು.

ಮರೆವು ನಿಜಕ್ಕೂ ಹೆಚ್ಚಿದ್ದರೆ ಈ ದುಡ್ಡಿನಲ್ಲಿ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕುಸಿದಿರುವುದು ಅಪರೂಪವಲ್ಲ. ಕಿವಿ ಮಂದವಾಗಿದೆಯೇ ಎಂದೂ ನೋಡಿಸಿ. ಪ್ರಿವೇಜೆನ್ ಮಾರುವ ಅಂಗಡಿಯಲ್ಲೇ ನಿದ್ದೆಗೆಂದು ಚೀಟಿಯಿಲ್ಲದೆ ಸಿಗುವ ಡೈಫೆನ್‌ಹೈಡ್ರಮೀನ್ ಗುಳಿಗೆಯೂ ಇರುತ್ತದೆ. ಹಿರಿಯರ ನೆನಪನ್ನು ಮಸುಕು ಮಾಡುವುದರಲ್ಲಿ ಅದು ಹೆಸರುವಾಸಿ. ಔಷಧದ ಪೆಟ್ಟಿಗೆ ತೆರೆದು ಮೊದಲು ಅದಿದೆಯೇ ನೋಡಿ.