ಕುರ್ಚಿಯಿಂದ ಏಳದೆ ಬುಡಾಪೆಸ್ಟ್ ಸುತ್ತಿದೆ

ಮೊನ್ನೆ ರಾತ್ರಿ ನಿದ್ದೆ ಬರಲಿಲ್ಲ. ವಿಮಾನ ಹಾರಿಸುವ ಆಟ, ಹೊಸ ಫ್ಲೈಟ್ ಸಿಮ್ಯುಲೇಟರ್ ತೆರೆದು, ಸಣ್ಣ ಸೆಸ್ನಾ ವಿಮಾನದಲ್ಲಿ ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ನೋಡಲು ಹೊರಟೆ. ಸಂಜೆ ಬೆಳಕು ಆರಿಸಿಕೊಂಡಿದ್ದೆ. ಉತ್ತರದಿಂದ ಬಂದು ಡ್ಯಾನ್ಯೂಬ್ ನದಿಯನ್ನೇ ದಾರಿ ಮಾಡಿಕೊಂಡೆ.

ಮೊದಲು ಮಾರ್ಗರೆಟ್ ದ್ವೀಪ, ನದಿ ನಡುವೆ ಹಸಿರು ದೋಣಿ ನಿಲ್ಲಿಸಿದ ಹಾಗೆ. ಆಮೇಲೆ ಎಡಕ್ಕೆ, ಪೆಸ್ಟ್ ದಡದಲ್ಲಿ, ಸಂಸತ್ ಭವನ. 96 ಮೀಟರ್ ಎತ್ತರದ ಗುಮ್ಮಟ, ಸುತ್ತ ಸೂಜಿಯಂಥ ಗೋಪುರಗಳು. ಒಂದು ಪಕ್ಕ ಚಿನ್ನದ ಬಿಸಿಲು, ಇನ್ನೊಂದು ಪಕ್ಕ ಆಗಲೇ ನೀಲಿ ನೆರಳು. ಅದನ್ನೇ ನೋಡುತ್ತಾ ತಿರುಗಿಸಿದವನಿಗೆ ವೇಗದ ನೆನಪೇ ಇಲ್ಲ. ವೇಗ ತೀರಾ ಇಳಿದು ವಿಮಾನ ಬೀಳುವಂತಾದಾಗ ಬರುವ ಸ್ಟಾಲ್ ಎಚ್ಚರಿಕೆ ಕೀರಲು ದನಿಯಲ್ಲಿ ಕೂಗಿದಾಗಲೇ ಎಚ್ಚರ!

ಬೇಜಾರಾಗಿದ್ದು ಚೈನ್ ಬ್ರಿಡ್ಜ್ ಹತ್ತಿರ. 1849ರಲ್ಲಿ ತೆರೆದ ಸೇತುವೆ ಇದು. ದೂರದಿಂದ ಚೆಂದ. ಕೆಳಗಿಳಿದು ನೋಡಿದರೆ, ತುದಿಯ ಕಲ್ಲಿನ ಸಿಂಹಗಳು ಕರಗಿದ ಮೇಣದ ಮುದ್ದೆಗಳು. ಸೇತುವೆಯ ಅಡಿಯಲ್ಲಿ ಖಾಲಿ ಜಾಗವೇ ಇಲ್ಲ, ನೀರಿನವರೆಗೂ ಗೋಡೆ. ಏರ್ ರೇಸ್ ಪೈಲಟ್‌ಗಳು ನಿಜವಾಗಿ ಇದರಡಿ ನುಗ್ಗಿದ್ದಾರೆ. ನನಗೆ ಆಟದಲ್ಲೂ ಭಾಗ್ಯವಿಲ್ಲ, ಸೀದಾ ಡಿಕ್ಕಿ.

ಬುಡಾ ಕೋಟೆ ಪರವಾಗಿಲ್ಲ. ಗೆಲ್ಲರ್ಟ್ ಬೆಟ್ಟದ ಮರಗಳು ಸ್ವಲ್ಪ ಜಾಸ್ತಿ ಎತ್ತರ ಅನಿಸಿತು. 1,500 ಅಡಿಗಿಂತ ಕೆಳಗೆ ಇಳಿಯದಿದ್ದರೆ ದುಡ್ಡಿಗೆ ಮೋಸವಿಲ್ಲ. ನಾಳೆ ಪ್ರಾಗ್ ಕಡೆ ಹೊರಟಿದ್ದೇನೆ, ಅಲ್ಲೂ ಸೇತುವೆಗಳಿವೆ ಅಲ್ವಾ, ನೋಡೋಣ.